ಜೌಗು ಗದ್ದೆಯಲ್ಲಿ ಬಜೆ ಬೆಳೆದ ನನ್ನ ಅನುಭವ

ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ತೋಟದ ಕೆಳಗಿರುವ ನನ್ನ 20 ಗುಂಟೆ ಗದ್ದೆಯಲ್ಲಿ ವರ್ಷವಿಡೀ ನೀರು ಜಿನುಗುತ್ತಿರುವುದರಿಂದ ಭತ್ತ ಸರಿಯಾಗಿ ತೆನೆ ಕಟ್ಟುತ್ತಿರಲಿಲ್ಲ. ಅಲ್ಲಿ ಬಜೆ ಹಾಕುತ್ತೇನೆಂದಾಗ ನೆರೆಯವರು, ಅದು ಬಯಲುಸೀಮೆಯ ಕೊರಟಗೆರೆ ಕಡೆಯ ಬೆಳೆ, ಮಲೆನಾಡಿನ ಮಳೆಗೆ ಗೆಡ್ಡೆ ಕೊಳೆತುಹೋಗುತ್ತದೆ ಎಂದರು. ಈಗ ಬಿತ್ತನೆ ಗೆಡ್ಡೆ ಕೇಳಿಕೊಂಡು ಬರುವವರೂ ಅವರೇ.

ಮೊದಲ ವರ್ಷ ಬೆಳೆ ನೆಲಕಚ್ಚಿತು. ಬಜೆ ಕೆಸುವಿನ ಕುಟುಂಬದ್ದು, ಹಾಗಾಗಿ ಏರುಮಡಿಯಲ್ಲಿ ನೀರು ಬಸಿಯುವಂತೆ ನೆಡಬೇಕು ಎಂದು ತರಬೇತಿಯೊಂದರಲ್ಲಿ ಹೇಳಿಕೊಟ್ಟಿದ್ದರು. ಎಲೆ ಗೇಣುದ್ದ ಬಂದು ನಿಂತಿತು, ಗೆಡ್ಡೆ ಬೆರಳಿಗಿಂತ ದಪ್ಪವಾಗಲಿಲ್ಲ, ಸುಮಾರು 15 ಸಾವಿರ ರೂಪಾಯಿ ಕೆಸರಿಗೆ ಹೋಯಿತು. ಹಳೆಯ ಪುಸ್ತಕಗಳು ಅದನ್ನು ಕೆಸುವಿನ ಏರೇಸಿ ಕುಟುಂಬಕ್ಕೆ ಸೇರಿಸಿದ್ದುದು ನಿಜ. ಆದರೆ 1990ರ ದಶಕದಿಂದೀಚಿನ ಡಿಎನ್‌ಎ ಅಧ್ಯಯನಗಳ ನಂತರ ಬಜೆಗೆ ಆಕೊರೇಸಿ ಎಂಬ ತನ್ನದೇ ಕುಟುಂಬ, ಆಕೊರೇಲ್ಸ್ ಎಂಬ ತನ್ನದೇ ಗಣವಿದ್ದು, ಭತ್ತ, ತೆಂಗು ಮೊದಲಾದ ಉಳಿದೆಲ್ಲ ಏಕದಳ ಸಸ್ಯಗಳಿಂದ ಮೊದಲೇ ಕವಲೊಡೆದ ವಂಶವೆಂದು ಅದನ್ನು ಗುರುತಿಸುತ್ತಾರೆ. ಬಜೆ ಕೆಸುವಲ್ಲವೆಂದು ತಿಳಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಕೆಸು ಕತ್ತರಿಸಿದರೆ ಕೈ ತುರಿಸುತ್ತದೆ. ಆ ತುರಿಕೆ ತರುವ ಸೂಜಿಯಂಥ ಹರಳುಗಳು ಬಜೆಯಲ್ಲಿಲ್ಲ, ಅದರಲ್ಲಿರುವುದು ಘಾಟಿನ ಎಣ್ಣೆ. ಹೂತೆನೆಯೂ ಕೆಸುವಿನಂತೆ ಹಾಳೆಯಂಥ ಹೊದಿಕೆಯೊಳಗೆ ಕೂರದೆ, ಎಲೆಯ ಪಕ್ಕದಿಂದ ಬೆರಳು ಚಾಚಿದಂತೆ ಓರೆಯಾಗಿ ಹೊರಡುತ್ತದೆ.

ಎರಡನೆಯ ವರ್ಷ ಭತ್ತದ ಗದ್ದೆಯಂತೆಯೇ ಕೆಸರು ಹದ ಮಾಡಿಸಿ, ತುದಿಮೊಳಕೆಯಿರುವ ತುಂಡುಗಳನ್ನು ಅಡಿಗೊಂದರಂತೆ ನೆಡಿಸಿ, ಎರಡು ಬೆರಳು ನೀರು ಸದಾ ನಿಲ್ಲುವಂತೆ ನೋಡಿಕೊಂಡೆ. ಹದ ಮಾಡುವಾಗ ಕೆಸರಿಗೆ ಬೆರೆಸಿದ್ದು ಏನು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೊದಲೆರಡು ತಿಂಗಳ ಕಳೆಗೆ ಕೂಲಿ ಧಾರಾಳವಾಗಿ ಹೋಗುತ್ತದೆ. ಆಮೇಲೆ ಎಲೆಯೇ ನೆಲ ಮುಚ್ಚುತ್ತದೆ. ಎಲೆ ಹಳದಿಯಾಗತೊಡಗಿದಾಗ ಗದ್ದೆಗೆ ನೀರು ಬರದಂತೆ ತಡೆದು, ಮಣ್ಣು ಅರೆಬರೆ ಒಣಗಿದ ಮೇಲೆ ಅಗೆಸಿದೆ. ಅಗೆತದ ಕೂಲಿಯೇ ಖರ್ಚಿನ ಅರ್ಧ. ತುಂಡುಗಳನ್ನು ಅಡಿಕೆ ಅಂಗಳದಲ್ಲಿ ಒಣಗಿಸಿ, ನಾರುಬೇರು ಉದುರುವಂತೆ ಗೋಣಿಯಲ್ಲಿ ಹಾಕಿ ಉಜ್ಜಿಸಿದೆ. ಒಣ ತೂಕ ಸುಮಾರು 8 ಕ್ವಿಂಟಲ್ ಬಂತು. ಖರ್ಚು ಕಳೆದು 25 ಸಾವಿರದ ಆಸುಪಾಸು ಉಳಿಯಿತು. ಕಡು ಬಿಸಿಲಿನಲ್ಲಿ ಒಣಗಿಸಿದ ಒಂದು ರಾಶಿಯ ಘಾಟು ಇಳಿದಿದ್ದರಿಂದ ವ್ಯಾಪಾರಿ ಅದಕ್ಕೆ ದರ ಮುರಿದ.

ನಡುವೆ ಹುಚ್ಚಿಗೆ ಬೀಜದಿಂದ ಸಸಿ ಮಾಡಲು ಹೂತೆನೆಗಳಿಗೆ ಬಟ್ಟೆ ಕಟ್ಟಿ ಕಾದೆ. ಒಂದೂ ಕಾಳು ಕಟ್ಟಲಿಲ್ಲ. ನಮ್ಮ ದೇಶದಲ್ಲಿ ಸಾಮಾನ್ಯವಾಗಿರುವ ತ್ರಿಗುಣಿತ ಬಗೆಯಲ್ಲಿ ವರ್ಣತಂತುಗಳು (ಕ್ರೋಮೋಸೋಮ್‌ಗಳು) ಎರಡೆರಡರ ಬದಲು ಮೂರು ಮೂರಿದ್ದು ಸರಿಯಾಗಿ ಜೋಡಿಯಾಗದ ಕಾರಣ ಅದು ಬಂಜೆ. ನನ್ನ ಗದ್ದೆಯದೂ ಅದೇ ಇರಬೇಕು. ಹಾಗಾಗಿ ಬೇಕಾದವರು ಗೆಡ್ಡೆಯನ್ನೇ ಒಯ್ಯಬೇಕು, ಅದೂ ಮೃಗಶಿರ ಮಳೆ ಹಿಡಿಯುವ ಮೊದಲು ಬಂದರೆ ಮಾತ್ರ ಸಿಗುತ್ತದೆ.