ಕ್ರೂಸ್‌ನಲ್ಲಿ ರಾತ್ರಿ ಊಟ: ಮೆನುವಿಗಿಂತ ಮೊದಲು ನಾನು ನೋಡುವುದು ಟೈಮ್‌ಟೇಬಲ್

ದುಬಾರಿ ಕ್ರೂಸ್‌ಗೆ ದುಡ್ಡು ಕಟ್ಟಿದವರೆಲ್ಲ ಮೊದಲು ಮಾಡುವ ಕೆಲಸ ಒಂದೇ. ಹಡಗಿನಲ್ಲಿ ಎಷ್ಟು ರೆಸ್ಟೋರೆಂಟ್ ಇವೆ ಎಂದು ಎಣಿಸುವುದು, ಒಂದೊಂದರ ಮೆನು ತೆಗೆದು ಬಾಯಲ್ಲಿ ನೀರೂರಿಸಿಕೊಳ್ಳುವುದು. ನಮ್ಮ ಮನೆಯಲ್ಲಿ ಆ ಕೆಲಸ ಇವರದು. ಟೇಬಲ್ ಬುಕ್ ಮಾಡುವ ಜವಾಬ್ದಾರಿ ಮಾತ್ರ ನನ್ನದು. ನಾನು ಮೆನು ನೋಡುವುದು ಕೊನೆಗೆ. ಮೊದಲು ಬಂದರುಗಳ ಟೈಮ್‌ಟೇಬಲ್ ಹರಡಿಕೊಂಡು ಕೂರುತ್ತೇನೆ. ಹಡಗು ಯಾವ ದಿನ ಎಲ್ಲಿ ನಿಲ್ಲುತ್ತದೆ, ಎಷ್ಟು ಗಂಟೆಗೆ ಹೊರಡುತ್ತದೆ, ಮರುದಿನ ಬೆಳಿಗ್ಗೆ ಎಷ್ಟಕ್ಕೆ ಮುಂದಿನ ಊರು. ಇಷ್ಟು ಗೊತ್ತಾದರೆ ಯಾವ ರಾತ್ರಿ ಎಲ್ಲಿ ಊಟ ಎನ್ನುವುದು ಮುಕ್ಕಾಲು ಪಾಲು ತಾನಾಗೇ ತೀರ್ಮಾನವಾಗುತ್ತದೆ.

ಓಷಿಯಾನಿಯಾ ಕಂಪನಿಯ ರಿವಿಯೆರಾ ಹಡಗಿನಲ್ಲಿ ಮೆಡಿಟರೇನಿಯನ್ ಸುತ್ತಿದ ಪ್ರವಾಸವನ್ನೇ ಇಟ್ಟುಕೊಂಡು ಹೇಳುತ್ತೇನೆ. 2012ರಿಂದ ಓಡುತ್ತಿರುವ ಹಡಗು, ಸುಮಾರು 1,250 ಪ್ರಯಾಣಿಕರು ಹಿಡಿಸುತ್ತಾರೆ. ಮುಂಚೆಯೇ ಬುಕ್ ಮಾಡಬೇಕಾದ ರೆಸ್ಟೋರೆಂಟ್‌ಗಳು ನಾಲ್ಕು. ಫ್ರೆಂಚ್ ಊಟಕ್ಕೆ ಜಾಕ್, ಏಷ್ಯಾದ ಅಡುಗೆಗೆ ರೆಡ್ ಜಿಂಜರ್, ಇಟಾಲಿಯನ್‌ಗೆ ಟೋಸ್ಕಾನಾ, ಸ್ಟೇಕ್‌ಗೆ ಪೋಲೋ ಗ್ರಿಲ್. ಇವಕ್ಕೆ ಬೇರೆ ದುಡ್ಡಿಲ್ಲ. ರಾತ್ರಿ ಊಟಕ್ಕೆ ಬುಕಿಂಗ್ ಬೇಡದ ದೊಡ್ಡ ಜಾಗಗಳು ಎರಡು: ಗ್ರ್ಯಾಂಡ್ ಡೈನಿಂಗ್ ರೂಮ್ ಮತ್ತು ಬಫೆ ಇರುವ ಟೆರೇಸ್ ಕೆಫೆ. ನಾವು ಐದು ಜನ: ನಾನು, ಇವರು, ಅತ್ತೆ, ನನ್ನ ಅಣ್ಣ, ಅತ್ತಿಗೆ. ಅತ್ತೆ ಸಸ್ಯಾಹಾರಿ, ಏಳು ಗಂಟೆಯೊಳಗೆ ಊಟಕ್ಕೆ ಕೂರಬೇಕು. ಅಣ್ಣನಿಗೆ ಸಿಗಡಿ ಅಲರ್ಜಿ. ಅತ್ತಿಗೆಗೆ ರಾತ್ರಿ ಶೋ ತಪ್ಪಬಾರದು.

ಒಂದು ಹಾಳೆಯಲ್ಲಿ ದಿನಕ್ಕೊಂದು ಸಾಲು ಹಾಕಿದೆ. ಬಂದರಿನ ಹೆಸರು, ಎಲ್ಲರೂ ಹಡಗಿಗೆ ವಾಪಸ್ ಬರಬೇಕಾದ ಸಮಯ, ಸೂರ್ಯ ಮುಳುಗುವ ಸಮಯ, ಮರುದಿನ ಏಳಬೇಕಾದ ಹೊತ್ತು. ಹಡಗು ಹೊರಡುವ ಅರ್ಧ ಗಂಟೆ ಮುಂಚೆ ಎಲ್ಲರೂ ಒಳಗಿರಬೇಕು ಎನ್ನುವುದು ಸಾಮಾನ್ಯ ನಿಯಮ, ಹಾಗಾಗಿ ಹೊರಡುವ ಸಮಯ ನೋಡಿ ಸುಮ್ನೆ ಲೆಕ್ಕ ಹಾಕಿದರೆ ಆಗುವುದಿಲ್ಲ. ಹಾಳೆ ಸಿದ್ಧವಾದ ಮೇಲೆ ಮೊದಲು ಗುರುತು ಹಾಕಿದ್ದು ಏನನ್ನೂ ಬುಕ್ ಮಾಡಬಾರದ ರಾತ್ರಿಗಳಿಗೆ.

ಇಟಲಿಯ ಚಿವಿತಾವೆಕ್ಯಾ ಬಂದರಿನ ದಿನವನ್ನೇ ತಗೊಳ್ಳಿ. ಟೈಮ್‌ಟೇಬಲ್‌ನಲ್ಲಿ ರೋಮ್ ಎಂದು ಬರೆದಿರುತ್ತಾರೆ, ಆದರೆ ರೋಮ್ ಅಲ್ಲಿಂದ ಎಪ್ಪತ್ತು ಕಿಲೋಮೀಟರ್‌ಗೂ ಜಾಸ್ತಿ ದೂರ. ಹೋಗಲು ಒಂದು ಗಂಟೆಗೂ ಮೇಲೆ, ಬರಲು ಅಷ್ಟೇ, ನಡುವೆ ಕೊಲೋಸಿಯಂ, ವ್ಯಾಟಿಕನ್ ಎಂದು ಬಿಸಿಲಲ್ಲಿ ಓಡಾಟ. ಫ್ಲಾರೆನ್ಸ್‌ಗೆ ಹೋಗಲು ಲಿವೋರ್ನೋ ಬಂದರಿನಲ್ಲಿ ಇಳಿಯುವವರದೂ ಇದೇ ಪಾಡು. ಸಂಜೆ ವಾಪಸ್ ಬಂದಾಗ ಕಾಲು ಕಿತ್ತುಬರುತ್ತಿರುತ್ತದೆ. ಅಂಥ ರಾತ್ರಿ ಪೋಲೋ ಗ್ರಿಲ್‌ನಲ್ಲಿ ಎರಡು ಗಂಟೆ ನೆಟ್ಟಗೆ ಕೂತು ಊಟ ಮಾಡಬೇಕೆಂದರೆ ಅದು ಶಿಕ್ಷೆ. ಬಫೆಗೆ ಹೋಗಿ ಬೇಕಾದಷ್ಟು ಬಡಿಸಿಕೊಂಡು ಒಂಬತ್ತಕ್ಕೆ ಮಲಗುವ ದಿನ ಅದು. ಎರಡೂ ದಿನಕ್ಕೆ ಅಡ್ಡಗೆರೆ ಎಳೆದೆ.

ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದ ಕಥೆ ಬೇರೆ. ಅಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ, ಸಮುದ್ರದಲ್ಲೇ ನಿಲ್ಲುತ್ತದೆ. ಸಣ್ಣ ದೋಣಿಗಳಲ್ಲಿ ಕರೆದೊಯ್ಯುತ್ತಾರೆ. ಮೇಲೆ ಫಿರಾ ಊರಿನಿಂದ ಕೆಳಗಿನ ಹಳೇ ಬಂದರಿಗೆ ಇಳಿಯಲು ಕೇಬಲ್ ಕಾರ್ ಇದೆ, ಇಲ್ಲವಾದರೆ ಸುಮಾರು 600 ಮೆಟ್ಟಿಲು. ಒಂದೇ ದಿನ ನಾಲ್ಕಾರು ಹಡಗು ಬಂದಿದ್ದರೆ ಸಂಜೆ ಕೇಬಲ್ ಕಾರಿನ ಸಾಲು ಬೀದಿಗೆ ಬಂದು ತಿರುವಿನಾಚೆ ಹೋಗಿರುತ್ತದೆ, ಒಂದು ಗಂಟೆ ನಿಲ್ಲುವುದು ಮಾಮೂಲು. ಆಮೇಲೆ ದೋಣಿಗೆ ಇನ್ನೊಂದು ಸಾಲು. ಆರೂವರೆಗೆ ಟೇಬಲ್ ಬುಕ್ ಮಾಡಿ, ಆ ಸಾಲಿನಲ್ಲಿ ನಿಂತು ನಿಮಿಷಕ್ಕೊಮ್ಮೆ ಗಡಿಯಾರ ನೋಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ನಾನು ಅವತ್ತು ನಮ್ಮ ನಾಲ್ವರಿಗೆ ಎಂಟೂವರೆಗೆ ಜಾಕ್ ಹಿಡಿದೆ. ದೋಣಿಯ ಓಡಾಟ ಬೇಡವೆಂದ ಅತ್ತೆ ಹಡಗಿನಲ್ಲೇ ಉಳಿದು, ತಮ್ಮ ಹೊತ್ತಿಗೆ ಗ್ರ್ಯಾಂಡ್ ಡೈನಿಂಗ್ ರೂಮಿನಲ್ಲಿ ಆರಾಮಾಗಿ ಊಟ ಮುಗಿಸಿದ್ದರು.

ಮಾಂಟೆನೆಗ್ರೋದ ಕೋಟರ್‌ನಲ್ಲಿ ನೋಡಬೇಕಾದದ್ದು ಊರಿನಷ್ಟೇ ಅದರ ಕೊಲ್ಲಿ. ಎರಡೂ ಕಡೆ ನೇರ ಎದ್ದು ನಿಂತ ಬೆಟ್ಟಗಳು, ನಡುವೆ ಕಿರಿದಾದ ನೀರು, ಹಡಗು ನಿಧಾನಕ್ಕೆ ತಿರುಗುತ್ತಾ ತಿರುಗುತ್ತಾ ತೆರೆದ ಸಮುದ್ರಕ್ಕೆ ಬರಲು ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಆ ಹೊತ್ತಿಗೆ ಒಳಗೆ ಕೂತು ಸೂಪ್ ಕುಡಿಯುತ್ತಿದ್ದರೆ ಅಷ್ಟು ದುಡ್ಡು ಕೊಟ್ಟು ಬಂದದ್ದು ಯಾಕೆ? ಟೆರೇಸ್ ಕೆಫೆಯ ಹಿಂಭಾಗದಲ್ಲಿ ಬಯಲಲ್ಲೇ ಟೇಬಲ್‌ಗಳಿವೆ. ಸ್ವಲ್ಪ ಬೇಗ ಹೋಗಿ ಅಂಚಿನ ಟೇಬಲ್ ಹಿಡಿದು ಕೂತೆವು. ಸೂರ್ಯಾಸ್ತದ ಸಮಯ ಬರೆದುಕೊಳ್ಳುವುದು ಇದಕ್ಕೇ. ಜೂನ್‌ನಲ್ಲಿ ಎಂಟು ದಾಟಿದರೂ ಬೆಳಕಿರುತ್ತದೆ, ಅಕ್ಟೋಬರ್ ಕೊನೆಗೆ ಹೋದರೆ ಐದೂವರೆಯಿಂದಲೇ ಕತ್ತಲಾಗತೊಡಗುತ್ತದೆ.

ಹಡಗು ರಾತ್ರಿಯಿಡೀ ನಿಲ್ಲುವ ಊರುಗಳೂ ಇರುತ್ತವೆ. ಇಸ್ತಾಂಬುಲ್‌ನಲ್ಲಿ 2021ರಲ್ಲಿ ಶುರುವಾದ ಗಲಾಟಾಪೋರ್ಟ್ ಬಂದರು ಊರ ಮಧ್ಯದಲ್ಲೇ ಇದೆ, ಹಡಗಿನಿಂದ ಇಳಿದರೆ ನೇರ ಕರಾಕೊಯ್ ಬಡಾವಣೆ. ಅಂಥ ರಾತ್ರಿ ಹಡಗಿನ ರೆಸ್ಟೋರೆಂಟ್‌ಗಳಲ್ಲಿ ಟೇಬಲ್ ಸುಲಭವಾಗಿ ಸಿಗುತ್ತದೆ, ಯಾಕೆಂದರೆ ಅರ್ಧ ಜನ ಊರಲ್ಲಿರುತ್ತಾರೆ. ಬೇರೆ ರಾತ್ರಿ ಟೇಬಲ್ ಸಿಗದವರಿಗೆ ಅದೇ ಅವಕಾಶ. ನನ್ನನ್ನು ಕೇಳಿದರೆ, ಅವತ್ತು ಊರಲ್ಲೇ ಊಟ ಮಾಡಬೇಕು.

ಹೀಗೆ ಕಳೆದು ಉಳಿದ ರಾತ್ರಿಗಳಲ್ಲಿ ಇನ್ನೊಂದು ವಿಷಯ ನೋಡುತ್ತೇನೆ, ಸಮುದ್ರದ ಗಲಾಟೆ. ರಿವಿಯೆರಾದಲ್ಲಿ ಟೋಸ್ಕಾನಾ, ಪೋಲೋ ಗ್ರಿಲ್ ಎರಡೂ 14ನೇ ಡೆಕ್‌ನಲ್ಲಿ, ಹಿಂಭಾಗದಲ್ಲಿವೆ. ಜಾಕ್ ಮತ್ತು ರೆಡ್ ಜಿಂಜರ್ 5ನೇ ಡೆಕ್‌ನಲ್ಲಿ. ಹಡಗು ಓಲಾಡಿದರೆ ಮೇಲಿನ ಡೆಕ್‌ಗಳಲ್ಲಿ, ಮುಂದೆ ಹಿಂದೆ ತುದಿಗಳಲ್ಲಿ ಜಾಸ್ತಿ ಗೊತ್ತಾಗುತ್ತದೆ. ಕೆಳಗೆ, ನಡುವಿನಲ್ಲಿ ಕಡಿಮೆ. ಬಾರ್ಸಿಲೋನಾದಿಂದ ಫ್ರಾನ್ಸ್ ಕರಾವಳಿ ಕಡೆಗೆ ಹೋಗುವಾಗ ಸಿಗುವ ಲಯನ್ ಕೊಲ್ಲಿ ಮಿಸ್ಟ್ರಲ್ ಎಂಬ ಜೋರು ಗಾಳಿಗೆ ಹೆಸರುವಾಸಿ. ಅತ್ತೆಗೆ ಸ್ವಲ್ಪ ಓಲಾಡಿದರೂ ತಲೆ ತಿರುಗುತ್ತದೆ. ಹಾಗಾಗಿ ಆ ರಾತ್ರಿಗೆ ಕೆಳಗಿನ ರೆಡ್ ಜಿಂಜರ್, ಬಂದರಿನಲ್ಲೇ ತಡವಾಗುವವರೆಗೆ ನಿಲ್ಲುವ ದಿನಕ್ಕೆ ಮೇಲಿನ ಟೋಸ್ಕಾನಾ. ಡೆಕ್ ಪ್ಲಾನ್ ಎಲ್ಲ ಕಂಪನಿಗಳೂ ಮುಂಚೆಯೇ ಕೊಡುತ್ತವೆ, ನೋಡುವವರು ಕಡಿಮೆ.

ಪೂರ್ತಿ ಸಮುದ್ರದಲ್ಲೇ ಕಳೆಯುವ ದಿನಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಟೇಬಲ್ ಮೊದಲು ಖಾಲಿಯಾಗುವುದು ಆ ದಿನದ್ದೇ. ಆದರೆ ಆ ದಿನ ಮಧ್ಯಾಹ್ನ ನಾಲ್ಕಕ್ಕೆ ಹೊರೈಜನ್ಸ್ ಎಂಬ ಲೌಂಜ್‌ನಲ್ಲಿ ಚಹಾ ಇರುತ್ತದೆ, ಗಾಡಿಯ ಮೇಲೆ ಕೇಕು, ಸ್ಕೋನ್, ಸ್ಯಾಂಡ್‌ವಿಚ್ ತಳ್ಳಿಕೊಂಡು ಬರುತ್ತಾರೆ. ಬೇಡ ಎನ್ನಲು ಗಟ್ಟಿ ಮನಸ್ಸು ಬೇಕು. ಅದಾದ ಮೇಲೆ ಆರೂವರೆಗೆ ಹಸಿವೆಲ್ಲಿಂದ ಬರಬೇಕು? ಸಮುದ್ರದ ದಿನ ಎಂಟರ ಮೇಲಿನ ಟೇಬಲ್ ಸಿಕ್ಕರೆ ಮಾತ್ರ ನನಗೆ ಬೇಕು.

ಇನ್ನು ಬುಕಿಂಗ್ ಮಾಡುವ ವಿಚಾರ. ನಾನು ಹೋದಾಗ ಓಷಿಯಾನಿಯಾದಲ್ಲಿ ರೂಮಿನ ದರ್ಜೆ ನೋಡಿ ಬಾಗಿಲು ತೆರೆಯುತ್ತಿದ್ದರು: ದೊಡ್ಡ ಸೂಟ್‌ಗಳಿಗೆ ಹೊರಡುವ 90 ದಿನ ಮುಂಚೆ, ಪೆಂಟ್‌ಹೌಸ್‌ಗೆ 75, ಕನ್ಸಿಯರ್ಜ್ ರೂಮ್‌ಗಳಿಗೆ 60, ಉಳಿದವರಿಗೆ 45. ಅಂದರೆ 45ರ ಸಾಲಿನಲ್ಲಿ ಇರುವವರಿಗೆ ಏಳು, ಏಳೂವರೆಯ ಒಳ್ಳೆಯ ಹೊತ್ತು ಎಷ್ಟೋ ಹೋಗಿರುತ್ತದೆ. ಅದಕ್ಕೇ ನಾನು ಎಲ್ಲರೂ ಕೇಳುವ ಹೊತ್ತಿಗೆ ಗುದ್ದಾಡುವುದಿಲ್ಲ. ಆರೂವರೆ ಅಥವಾ ಎಂಟೂವರೆ, ಎರಡರಲ್ಲಿ ಒಂದು. ಅತ್ತೆ ಇರುವ ದಿನ ಮೊದಲನೆಯದು, ಇಲ್ಲದ ದಿನ ಎರಡನೆಯದು. ಆದರೂ ಬಾಗಿಲು ತೆರೆಯುವ ದಿನ ಯಾವ ಊರಿನ ಗಡಿಯಾರದ ಪ್ರಕಾರ ಎಂದು ಏಜೆಂಟರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಬೇಕು. ಓಷಿಯಾನಿಯಾ ಕಚೇರಿ ಇರುವುದು ಮಯಾಮಿಯಲ್ಲಿ. ಅವರಿಗೆ ಬೆಳಗಾದರೆ ನಮಗೆ ಇನ್ನೇನೋ ಆಗಿರುತ್ತದೆ.

ಐದು ಜನರ ಟೇಬಲ್ ಸಿಗುವುದು ಕಷ್ಟ. ಎರಡು, ನಾಲ್ಕರ ಟೇಬಲ್‌ಗಳೇ ಜಾಸ್ತಿ. ನಾನು ಒಂದೇ ಹೊತ್ತಿಗೆ ಮೂವರಿಗೊಂದು, ಇಬ್ಬರಿಗೊಂದು ಎಂದು ಹಿಡಿದಿಟ್ಟುಕೊಂಡೆ. ಹಡಗು ಹತ್ತಿದ ಮಧ್ಯಾಹ್ನವೇ ಬುಕಿಂಗ್ ಡೆಸ್ಕಿಗೆ ಹೋಗಿ ನನ್ನ ಹಾಳೆ ತೋರಿಸಿ, ಸೇರಿಸಿಕೊಡಿ ಎಂದೆ. ಅಲ್ಲಿದ್ದ ಹುಡುಗಿ ಹಾಳೆ ನೋಡಿ ನಕ್ಕು, ಪೆನ್ನಿನಿಂದ ಎರಡು ಕಡೆ ಸುತ್ತು ಹಾಕಿ, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದಳು. ಇಂಥದ್ದನ್ನು ಮೊದಲ ದಿನವೇ ಮುಗಿಸಬೇಕು. ಮೂರನೇ ದಿನ ಕೇಳಿದರೆ ಅವರ ಕೈಯಲ್ಲೂ ಏನೂ ಇರುವುದಿಲ್ಲ.

ಮೊದಲ ರಾತ್ರಿಯ ಬಗ್ಗೆ ಜನರಲ್ಲಿ ಎರಡು ಮಾತಿದೆ. ಅವತ್ತು ಟೇಬಲ್ ಸುಲಭವಾಗಿ ಸಿಗುತ್ತದೆ ಎನ್ನುವುದು ನಿಜ. ಆದರೆ ವಿಮಾನದ ಆಯಾಸ ಇರುತ್ತದೆ, ಸೂಟ್‌ಕೇಸ್ ರೂಮಿಗೆ ಬರಲು ತಡವಾಗಬಹುದು. ಸುರಕ್ಷತಾ ಡ್ರಿಲ್ ಬೇರೆ. 2012ರ ಕೋಸ್ಟಾ ಕಾಂಕೋರ್ಡಿಯಾ ಹಡಗು ದುರಂತದ ನಂತರ ನಿಯಮ ಬಿಗಿಯಾಗಿ, 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ತಕ್ಷಣ ಡ್ರಿಲ್ ಮುಗಿಯಲೇಬೇಕು. ನಾನು ಮೊದಲ ರಾತ್ರಿ ಯಾವತ್ತೂ ಗ್ರ್ಯಾಂಡ್ ಡೈನಿಂಗ್ ರೂಮಿಗೇ ಹೋಗುವುದು. ಅಲ್ಲಿನ ಮೇತ್ರ ಡಿ, ಅಂದರೆ ರೆಸ್ಟೋರೆಂಟಿನ ಮೇಲ್ವಿಚಾರಕರ ಹತ್ತಿರ ಮಾತಾಡಬೇಕಿರುತ್ತದೆ ನೋಡಿ. ಅಣ್ಣನ ಅಲರ್ಜಿ ಬುಕಿಂಗ್‌ನಲ್ಲಿ ಬರೆಸಿದ್ದೆ, ಆದರೂ ಬಾಯಿ ಬಿಟ್ಟು ಮತ್ತೆ ಹೇಳಿದೆ. ಅತ್ತೆಯ ಊಟದ ವಿಷಯವೂ ಅಲ್ಲೇ ಇತ್ಯರ್ಥವಾಯಿತು. ಮೇತ್ರ ಡಿ ದಿನಾ ಸಂಜೆ ಮರುದಿನದ ಮೆನು ತಂದು ತೋರಿಸುತ್ತಿದ್ದರು. ಅತ್ತೆ ಕನ್ನಡಕ ಹಾಕಿಕೊಂಡು ಓದಿ, ಇದರಲ್ಲಿ ಮೀನು ತೆಗೆದು ತರಕಾರಿ ಹಾಕಿ ಕೊಡ್ತೀರಾ ಎಂದು ಕೇಳುವರು. ಒಂದು ದಿನ ಮುಂಚೆ ಹೇಳಿದರೆ ಅಡುಗೆಮನೆಯವರು ಮಾಡಿಕೊಡುತ್ತಾರೆ. ಕೂತ ಮೇಲೆ ಕೇಳಿದರೆ ಬೇಯಿಸಿದ ತರಕಾರಿಯೇ ಗತಿ.

ಪೋಲೋ ಗ್ರಿಲ್‌ಗೆ ಅತ್ತೆಯನ್ನು ಕರೆದೊಯ್ಯಲಿಲ್ಲ. ಸ್ಟೇಕ್‌ಹೌಸ್‌ನಲ್ಲಿ ಸಸ್ಯಾಹಾರಿಗೆ ಸಿಗುವುದು ಹೆಚ್ಚಾಗಿ ಸ್ಟೇಕ್ ಪಕ್ಕ ಇಡುವ ಪದಾರ್ಥಗಳೇ. ಟೋಸ್ಕಾನಾ ಅವರಿಗೆ ಹಿಡಿಸಿತು. ಅಲ್ಲಿ ಕೂತ ತಕ್ಷಣ ಆಲಿವ್ ಎಣ್ಣೆಗೇ ಬೇರೆ ಪಟ್ಟಿ ತರುತ್ತಾರೆ, ಯಾವುದು ಬೇಕೆಂದು ಆರಿಸಿ ಬ್ರೆಡ್‌ಗೆ ಅದ್ದಿಕೊಳ್ಳಬೇಕು. ರೆಡ್ ಜಿಂಜರ್‌ನಲ್ಲಿ ಬಣ್ಣಬಣ್ಣದ ಚಾಪ್‌ಸ್ಟಿಕ್‌ಗಳ ಪೆಟ್ಟಿಗೆಯನ್ನೇ ಮುಂದೆ ಹಿಡಿಯುತ್ತಾರೆ. ಅತ್ತೆ ಕೆಂಪು ಜೊತೆ ಆರಿಸಿಕೊಂಡು, ಪಕ್ಕದಲ್ಲಿಟ್ಟು, ಫೋರ್ಕ್ ಕೇಳಿದರು. ಅಲ್ಲಿನ ಮಿಸೋ ಹಚ್ಚಿದ ಸೀ ಬಾಸ್ ಮೀನಿಗೆ ಇವರು ಎರಡನೇ ಸಲ ಹೋಗಬೇಕೆಂದು ಹಟ ಹಿಡಿದರು.

ಎರಡನೇ ಸಲ ಸಿಗುವುದು ಹಡಗಿನಲ್ಲಿದ್ದಾಗ ಕೇಳಿದರೆ. ಮನೆಯಿಂದ ಮಾಡುವ ಬುಕಿಂಗ್‌ನಲ್ಲಿ ನಮಗೆ ಸಿಕ್ಕದ್ದು ರೆಸ್ಟೋರೆಂಟಿಗೆ ಒಂದೊಂದು ಸಲ. ಕೇಳಲು ಒಳ್ಳೆಯ ಹೊತ್ತು ಸಂಜೆ ಐದು. ಪ್ರವಾಸದ ಬಸ್ಸುಗಳು ವಾಪಸ್ ಬಂದಿರುತ್ತವೆ, ಸುಸ್ತಾದವರು ಫೋನ್ ಮಾಡಿ ಟೇಬಲ್ ಬಿಡುತ್ತಿರುತ್ತಾರೆ. ರೋಮ್ ದಿನ ಇದು ಜಾಸ್ತಿ. ಇಬ್ಬರೇ ಇದ್ದರೆ, ಬೇರೆಯವರ ಜೊತೆ ಕೂರಲು ಒಪ್ಪಿದರೆ, ಹೆಚ್ಚು ಕಡಿಮೆ ಯಾವತ್ತೂ ಜಾಗ ಸಿಗುತ್ತದೆ. ಅಪರಿಚಿತರ ಜೊತೆ ಎರಡು ಗಂಟೆ ಮಾತಾಡುವ ತಾಳ್ಮೆ ನನಗಿಲ್ಲ, ಇವರಿಗಿದೆ. ಬೇಡವಾದ ಟೇಬಲನ್ನು ನಾವೂ ಫೋನ್ ಮಾಡಿ ಬಿಡಬೇಕು, ಅಲ್ವಾ? ಹೋಗದೆ ಸುಮ್ಮನಿದ್ದರೆ ಕಾಯುತ್ತಿರುವ ಇನ್ನೊಬ್ಬರ ಊಟ ತಪ್ಪಿಸಿದ ಹಾಗೆ.

ಬೇರೆ ಕಂಪನಿಗಳಲ್ಲಿ ಲೆಕ್ಕ ಬೇರೆ. ರೀಜೆಂಟ್ ಸೆವೆನ್ ಸೀಸ್‌ನಲ್ಲಿ ಪ್ರೈಮ್ 7 ಸ್ಟೇಕ್‌ಹೌಸ್ ಮುಂತಾದವಕ್ಕೆ ಬುಕಿಂಗ್ ಬೇಕು, ಮುಖ್ಯ ರೆಸ್ಟೋರೆಂಟ್ ಕಂಪಾಸ್ ರೋಸ್‌ಗೆ ಬೇಡ. ಸಿಲ್ವರ್‌ಸೀಯಲ್ಲಿ ಎಲ್ಲ ಸೇರಿದೆ ಎಂದರೂ ಫ್ರೆಂಚ್ ರೆಸ್ಟೋರೆಂಟ್ ಲಾ ಡಾಮ್‌ಗೆ ಬೇರೆ ದುಡ್ಡು. ಎಕ್ಸ್‌ಪ್ಲೋರಾ ಕಂಪನಿಯ ಆಂಥಾಲಜಿ ರೆಸ್ಟೋರೆಂಟೂ ಹಾಗೇ. ಇದೇನು ಹೊಸ ವ್ಯವಹಾರವಲ್ಲ. 1905ರ ಅಮೆರಿಕಾ ಎಂಬ ಜರ್ಮನ್ ಹಡಗಿನಲ್ಲೇ ರಿಟ್ಜ್ ಹೆಸರಿನ ಪ್ರತ್ಯೇಕ ರೆಸ್ಟೋರೆಂಟ್ ಇತ್ತು. ಟೈಟಾನಿಕ್‌ನಲ್ಲಿ ಪೂರ್ತಿ ಪ್ರವಾಸ ಅಂಥ ರೆಸ್ಟೋರೆಂಟ್‌ನಲ್ಲೇ ಉಣ್ಣುತ್ತೇವೆ ಎಂದವರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಕೊಡುತ್ತಿದ್ದರು. ಈಗಿನವರು ಅದೊಂದನ್ನು ಮರೆತುಬಿಟ್ಟಿದ್ದಾರೆ.

ಬಟ್ಟೆ ವಿಷಯದಲ್ಲಿ ಓಷಿಯಾನಿಯಾ ಸಲೀಸು, ಸೂಟು ಬೂಟಿನ ರಾತ್ರಿಗಳಿಲ್ಲ. ಸಂಜೆ ಶಾರ್ಟ್ಸ್, ಟೀ ಶರ್ಟ್ ಹಾಕಿ ರೆಸ್ಟೋರೆಂಟಿಗೆ ಹೋಗುವಂತಿಲ್ಲ, ಅಷ್ಟೇ. ಕ್ವೀನ್ ಮೇರಿ 2ರಂಥ ಹಡಗಿನಲ್ಲಿ ಗಾಲಾ ರಾತ್ರಿಗಳು, ಅಂದರೆ ಸೂಟು ಬೂಟಿನ ರಾತ್ರಿಗಳು ಇರುತ್ತವೆ, ಅವನ್ನೂ ಹಾಳೆಯಲ್ಲಿ ಬರೆದುಕೊಳ್ಳಬೇಕು.

ಕೊನೆಯ ರಾತ್ರಿಗೆ ನಾನು ಏನನ್ನೂ ಬುಕ್ ಮಾಡುವುದಿಲ್ಲ. ದೊಡ್ಡ ಸೂಟ್‌ಕೇಸ್‌ಗಳನ್ನು ಮಲಗುವ ಮುಂಚೆ ಕಾರಿಡಾರ್‌ನಲ್ಲಿ ಇಡಬೇಕಿರುತ್ತದೆ. ಒಳ್ಳೆಯ ಬಟ್ಟೆಯಲ್ಲಿ ತಡವಾಗಿ ಊಟಕ್ಕೆ ಕೂತರೆ ಅವನ್ನು ಕೈಚೀಲಕ್ಕೆ ತುರುಕಿಕೊಂಡು ಇಳಿಯಬೇಕಾಗುತ್ತದೆ. ಊಟಕ್ಕೆ ಮುಂಚೆಯೇ ಪ್ಯಾಕಿಂಗ್ ಮುಗಿಸಿ, ಬೆಳಿಗ್ಗೆ ಹಾಕಿಕೊಳ್ಳುವ ಬಟ್ಟೆಯಲ್ಲೇ ಟೆರೇಸ್ ಕೆಫೆಗೆ ಹೋದೆವು. ಅತ್ತಿಗೆ ಚಪ್ಪಲಿಯನ್ನೂ ಪ್ಯಾಕ್ ಮಾಡಿಬಿಟ್ಟಿದ್ದರು, ರೂಮಿನ ಸ್ಲಿಪ್ಪರ್‌ನಲ್ಲೇ ಬಂದರು.