ಡಯಟ್ ಊಟ ಮಾಡಿದರೂ ತೂಕ ಯಾಕೆ ನಿಲ್ಲುತ್ತದೆ? ಕೊರಿಯನ್ ತಟ್ಟೆ ಮತ್ತು ನನ್ನ ಅನುಭವ

ಕೊರಿಯಾದಲ್ಲಿ ಡಯಟ್ ಎಂದರೆ ಕೋಳಿಯ ಎದೆಮಾಂಸ, ಸಿಹಿಗೆಣಸು, ಸಲಾಡ್. ಇಷ್ಟನ್ನೇ ತಿಂದರೂ ತೂಕ ಇಳಿಯದಿದ್ದಾಗ ನಾನು ಮೊದಲು ತೆಗೆಯುವುದು ಅಡುಗೆಮನೆಯ ತಕ್ಕಡಿ. ಡಯಟ್ ಅಂತ ಹೆಸರು ಬಿದ್ದದ್ದನ್ನು ಯಾರೂ ತೂಗುವುದಿಲ್ಲ, ತೊಡಕಿರುವುದೇ ಅಲ್ಲಿ.

ಗೆಣಸನ್ನೇ ನೋಡಿ. ಬೇಯಿಸಿದ್ದಾದರೆ ಕ್ಯಾಲೊರಿ ಕಡಿಮೆ. ಸುಟ್ಟ ಗೆಣಸು, ಅಂದರೆ ಗುನ್-ಗೊಗುಮಾ, ಹಾಗಲ್ಲ. ನಿಧಾನ ಕಾವಿನಲ್ಲಿ ಅದರೊಳಗಿನ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆ ಮಾಡುತ್ತದೆ, ನೀರಿನಂಶ ಆರುತ್ತದೆ, ಸಿಪ್ಪೆ ಬಿರಿದು ಜೇನಿನಂಥ ಅಂಟು ಸೋರುತ್ತದೆ. ಅಷ್ಟೇ ತೂಕಕ್ಕೆ ಕ್ಯಾಲೊರಿ ಹೆಚ್ಚು, ರಕ್ತದ ಸಕ್ಕರೆ ಏರುವುದೂ ಬೇಗ. ಬೇಯಿಸಿದ್ದನ್ನೇ ಹೊತ್ತಿಗೆ 150 ಗ್ರಾಂ ತೂಗಿ ಇಡುತ್ತೇನೆ.

ಸಲಾಡಿನಲ್ಲಿ ಸೊಪ್ಪಿನದೇನೂ ತಪ್ಪಿಲ್ಲ. ಒಂದು ಟೇಬಲ್ ಚಮಚ ಎಣ್ಣೆಯೇ 120 ಕ್ಯಾಲೊರಿ, ಡ್ರೆಸ್ಸಿಂಗ್ ಸುರಿದರೆ ಲೆಕ್ಕ ತಪ್ಪಿತು. ಬೇರೆ ಬಟ್ಟಲಲ್ಲಿಟ್ಟು ಅದ್ದಿಕೊಂಡು ತಿನ್ನಿ. 'ಸಕ್ಕರೆ ರಹಿತ' ಬಾರ್‌ಗಳಲ್ಲಿ ಸಿಹಿಗಾಗಿ ಹಾಕುವ ಮಾಲ್ಟಿಟಾಲ್‌ಗೂ ಗ್ರಾಂಗೆ ಸುಮಾರು 2 ಕ್ಯಾಲೊರಿ ಇದೆ.

ಕೊರಿಯನ್ ಸಾಂಪ್ರದಾಯಿಕ ವೈದ್ಯರು ಇದನ್ನೇ ಬೇರೆ ಕಡೆಯಿಂದ ನೋಡುತ್ತಾರೆ. 19ನೇ ಶತಮಾನದ ಇ ಜೆ-ಮಾ ರೂಪಿಸಿದ ಸಾಸಾಂಗ್ ಪದ್ಧತಿಯಲ್ಲಿ ನಾಲ್ಕು ದೇಹಪ್ರಕೃತಿಗಳಿವೆ. ಅದರಲ್ಲಿ ಸೋ-ಉಮ್‌ನವರದ್ದು ತಣ್ಣನೆ ಮೈ, ಮಂದ ಜೀರ್ಣಶಕ್ತಿ. ಹಸಿ ಸೊಪ್ಪು, ಫ್ರಿಜ್ಜಿನ ಕೋಳಿ ಜಠರವನ್ನು ಇನ್ನೂ ಕುಗ್ಗಿಸಿ 'ದಾಮ್-ಉಮ್' ಎಂಬ ಕಫದಂಥದ್ದನ್ನು ಕಟ್ಟಿಸುತ್ತವೆ ಎನ್ನುತ್ತಾರೆ. ನಮ್ಮ ಮಂದಾಗ್ನಿಯ ಮಾತಿಗೆ ಹತ್ತಿರ. ಇದರಿಂದಲೇ ಕೊಬ್ಬು ಉಳಿಯುತ್ತದೆಂದು ನಾನು ಹೇಳಲಾರೆ. ಆದರೆ ತಣ್ಣಗಿನ ಊಟ ಒಗ್ಗದವರಿಗೆ ಹೊಟ್ಟೆ ಉಬ್ಬರಿಸುತ್ತದೆ, ತಿಂದ ತೃಪ್ತಿಯೂ ಇರದು. ಆಮೇಲೆ ರಾತ್ರಿ ಹತ್ತಕ್ಕೆ ರಾಮ್ಯೊನ್‌ಗೆ, ಅಂದರೆ ಕೊರಿಯನ್ ಇನ್‌ಸ್ಟಂಟ್ ನೂಡಲ್ಸ್‌ಗೆ, ನೀರಿಟ್ಟರೆ ಒಂದು ಪೊಟ್ಟಣಕ್ಕೆ ಸುಮಾರು 500 ಕ್ಯಾಲೊರಿ. ಅಂಥವರಿಗೆ ಪಾಲಕನ್ನು ಕುದಿನೀರಲ್ಲಿ ಅರ್ಧ ನಿಮಿಷ ಅದ್ದಿ, ಹಿಂಡಿ, ಬೆಳ್ಳುಳ್ಳಿ ಮತ್ತು ಅರ್ಧ ಟೀ ಚಮಚ ಎಳ್ಳೆಣ್ಣೆ ಬೆರೆಸಿ ಕೊಡುವುದು ಮೇಲು. ಜೊತೆಗೆ ಸೋಯಾ ಹುದುಗಿನ ಬಿಸಿ ಸಾರು. ಸಾರಿನಲ್ಲಿ ಉಪ್ಪು ಜಾಸ್ತಿ, ಮರುದಿನ ಮೈತೂಕ ಏರಿದರೆ ಅದು ಮೈಯಲ್ಲಿ ನಿಂತ ನೀರು.

ಹಾಗಾಗಿ ಬೆಳಿಗ್ಗೆ ಶೌಚದ ನಂತರ ಮೈತೂಕ ನೋಡಿ, 7 ದಿನದ ಸರಾಸರಿ ಹಿಡಿಯಿರಿ. ತೂಗಿ ತಿಂದೂ ಮೂರು ವಾರ ಸರಾಸರಿ ಕದಲದಿದ್ದರೆ ದಿನಕ್ಕೆ 100–150 ಕ್ಯಾಲೊರಿ ಇಳಿಸಿ. ಹಗುರಾದ ಮೈಗೆ ಬೇಕಾಗುವುದೇ ಕಡಿಮೆ.

ಈ ಹಂತದಲ್ಲೇ ಜನ ಕಷಾಯದ ಕಡೆ ತಿರುಗುತ್ತಾರೆ. ಆ ನಾಲ್ಕರಲ್ಲಿ ಇನ್ನೊಂದಾದ ತೇ-ಉಮ್ ಪ್ರಕೃತಿಯವರಿಗೆ ಕೊಡುವ ತೇಉಮ್-ಜೋವಿ-ತಾಂಗ್ ಕಷಾಯದಲ್ಲಿ ಮಾಹ್ವಾಂಗ್ ಎಂಬ ಮೂಲಿಕೆ ಇದೆ, ಅದರಲ್ಲಿ ಎಫೆಡ್ರಿನ್ ಎಂಬ ಉತ್ತೇಜಕ. ಹಸಿವು ಕುಗ್ಗುತ್ತದೆ ನಿಜ. ಎದೆಬಡಿತ, ಬಿಪಿ ಏರುತ್ತವೆ, ನಿದ್ದೆ ಕೆಡುತ್ತದೆ. ಬಿಪಿ ಅಥವಾ ಹೃದಯದ ತೊಂದರೆ ಇರುವವರು ಇದನ್ನು ಮುಟ್ಟಬೇಡಿ. ಉಳಿದವರೂ ವೈದ್ಯರು ನೋಡದೆ ಆನ್‌ಲೈನಿನಲ್ಲಿ ತರಿಸಿ ಕುಡಿಯಬೇಡಿ.