ರೈತ ರಾಜಕಾರಣಿಯ ಬದುಕನ್ನು ದಾಖಲೆಗಳಿಂದ ಕಟ್ಟುವ ಬಗೆ

ಆರಂಭಕಾಲದ ಅಮೆರಿಕದಲ್ಲಿ ಬೇಸಾಯ ಮಾಡುತ್ತಲೇ ರಾಜಕೀಯಕ್ಕೆ ಬಂದವರ ಜೀವನಚರಿತ್ರೆ ಬರೆಯಹೊರಟವರು ಭಾಷಣಗಳಿಗಿಂತ ಮೊದಲು ಜಮೀನಿನ ಕಾಗದಪತ್ರಗಳನ್ನು ನೋಡಬೇಕು. 1748ರಲ್ಲಿ ಕನೆಕ್ಟಿಕಟ್‌ನಲ್ಲಿ ಹುಟ್ಟಿ, ನ್ಯೂಯಾರ್ಕ್ ರಾಜ್ಯದ ಆಟ್ಸೆಗೊ ಕೌಂಟಿಯಲ್ಲಿ ನೆಲೆಸಿದ ಜೆಡಿಡಯಾ ಪೆಕ್‌ನನ್ನೇ ತೆಗೆದುಕೊಳ್ಳಿ. ಗ್ರಾಮಾಂತರದಲ್ಲಿ ಮತದಾನದ ಹಕ್ಕು ಆಸ್ತಿ ಅಥವಾ ಗೇಣಿಯನ್ನು ಅವಲಂಬಿಸಿದ್ದ ಆ ಕಾಲದಲ್ಲಿ, ಕ್ರಯಪತ್ರ ಮತ್ತು ತೆರಿಗೆ ಪಟ್ಟಿಗಳೇ ಒಬ್ಬನ ರಾಜಕೀಯ ಅರ್ಹತೆಯನ್ನೂ ತಿಳಿಸುತ್ತವೆ.

1790ರ ಜನಗಣತಿಯನ್ನು ಎಚ್ಚರದಿಂದ ಓದಬೇಕು. ಅದರಲ್ಲಿ ಮನೆಯ ಯಜಮಾನನಿಗೆ ಮಾತ್ರ ಹೆಸರಿದೆ. ಬಿಳಿಯ ಗಂಡಸರನ್ನು 16 ವರ್ಷಕ್ಕೆ ಮೇಲೆ, ಕೆಳಗೆ ಎಂದು ವಿಂಗಡಿಸಿ, ಬಿಳಿಯ ಹೆಂಗಸರನ್ನೆಲ್ಲ ವಯಸ್ಸಿನ ಭೇದವಿಲ್ಲದೆ ಒಂದೇ ಅಂಕಣಕ್ಕೆ ತುಂಬಲಾಗಿದೆ, ಗುಲಾಮರಿಗೆ ಇನ್ನೊಂದು ಅಂಕಣವಿದೆ. ಹೆಂಡತಿಯ ಹೆಸರು ಬೇಕಿದ್ದರೆ ಉಯಿಲನ್ನೋ ಚರ್ಚಿನ ದಾಖಲೆಯನ್ನೋ ಹುಡುಕಬೇಕಾಗುತ್ತದೆ.

ಪೆಕ್‌ನ ಬದುಕಿನ ತಿರುವು 1799ರದು. ಸರ್ಕಾರದ ವಿರುದ್ಧದ ಬರಹವನ್ನು ಶಿಕ್ಷಾರ್ಹಗೊಳಿಸಿದ್ದ ಹಿಂದಿನ ವರ್ಷದ ರಾಜದ್ರೋಹ ಕಾಯ್ದೆಯನ್ನು ವಿರೋಧಿಸುವ ಮನವಿಗೆ ಸಹಿ ಸಂಗ್ರಹಿಸಿದ ಈ ಶಾಸನಸಭಾ ಸದಸ್ಯನನ್ನು ಅದೇ ಕಾಯ್ದೆಯಡಿ ಬಂಧಿಸಿ ನ್ಯೂಯಾರ್ಕ್ ನಗರದವರೆಗೂ ಒಯ್ಯಲಾಯಿತು. ಮೊಕದ್ದಮೆ ಮಾತ್ರ ವಿಚಾರಣೆಗೆ ಬರಲೇ ಇಲ್ಲ. ಅಂದಿನ ಪತ್ರಿಕೆಗಳು ಪಕ್ಷಗಳ ತುತ್ತೂರಿಗಳೇ ಆಗಿದ್ದುದರಿಂದ, ಇಂಥ ಘಟನೆಗೆ ಅಂದಿನ ಎದುರಾಳಿ ಪಕ್ಷಗಳಾದ ಫೆಡರಲಿಸ್ಟ್ ಮತ್ತು ರಿಪಬ್ಲಿಕನ್‌ಗಳ ವರದಿಗಳೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿ, ದಿನಾಂಕಗಳನ್ನು ನ್ಯಾಯಾಲಯದ ಕಡತದಿಂದಲೇ ಖಚಿತಪಡಿಸಿಕೊಳ್ಳಬೇಕು.

ಬಂಧನದ ಕಥೆ ರೋಚಕವೆಂದು ಅಲ್ಲಿಗೇ ನಿಲ್ಲಿಸುವುದು ಸರಿಯಲ್ಲ. 1811ರಲ್ಲಿ ನೇಮಕವಾದ ಶಿಕ್ಷಣ ಆಯೋಗದ ನೇತೃತ್ವ ವಹಿಸಿದ್ದವನೂ ಆತನೇ. ಆ ಆಯೋಗದ ವರದಿಯನ್ನು 1812ರ ಸಾರ್ವಜನಿಕ ಶಾಲೆಗಳ ಕಾಯ್ದೆಯೊಡನೆ ಹೋಲಿಸಿದರೆ ಆತನ ರಾಜಕೀಯ ಕೆಲಸದ ನಿಜವಾದ ಅಳತೆ ಸಿಗುತ್ತದೆ.